ಪೇಡೆ ಯಾರದು? ಸಿಹಿ ತಿನಿಸುಗಳ ಇತಿಹಾಸ, 10 ಭಾಗಗಳಲ್ಲಿ

ಭಾಗ 1/10: ಷಿಕಾಗೋದ ಬ್ರೌನಿ, ಧಾರವಾಡದ ಪೇಡೆ

ದೋಸ್ತರ, ಒಂದು ಪ್ರಶ್ನೆ. ಬ್ರೌನಿ ಎಲ್ಲಿ ಹುಟ್ಟಿತು? ನಮ್ಮ ಕ್ಲಾಸಿನ್ಯಾಗ ಕೇಳಿದ್ರ ನಾಲ್ಕು ಮಂದಿಯರ "ಅಮೆರಿಕಾ" ಅಂತಾರ. ಸರಿ ಉತ್ತರನ. ಷಿಕಾಗೋದ ಪಾಮರ್ ಹೌಸ್ ಅನ್ನೋ ಹೋಟೆಲ್ ಈ ಕಥಿ ಭಾಳ ಹೆಮ್ಮೆಯಿಂದ ಹೇಳ್ತದ. 1893ರಾಗ ಅಲ್ಲಿ ದೊಡ್ಡ ವಿಶ್ವ ಪ್ರದರ್ಶನ ನಡೀತು. ಪ್ರದರ್ಶನಕ್ಕ ಹೋಗೋ ಹೆಣ್ಣುಮಕ್ಕಳ ಬುತ್ತಿಯೊಳಗ ಇಡಲಿಕ್ಕೆ ಕೇಕ್‌ಗಿಂತ ಸಣ್ಣದು, ಕೈಯಾಗ ಹಿಡಕೊಂಡು ತಿನ್ನುವಂಥದ್ದು ಏನರ ಮಾಡ್ರಿ ಅಂತ ಹೋಟೆಲ್ ಮಾಲೀಕರ ಹೆಂಡತಿ ಬರ್ಥಾ ಪಾಮರ್ ತಮ್ಮ ಅಡುಗೆಯವರಿಗೆ ಹೇಳಿದರಂತ. ಹಂಗ ಬಂದದ್ದು ಬ್ರೌನಿ.

ಇನ್ನೊಂದು ಮಜಾ ಕೇಳ್ರಿ. ಸ್ವಾಮಿ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದೂ ಅದ 1893ರಾಗ, ಅದ ಷಿಕಾಗೋದಾಗ, ಅದ ಪ್ರದರ್ಶನದ ಅಂಗವಾಗಿ. ಸಾಲಿ ಪುಸ್ತಕದಾಗ ಆ ಭಾಷಣ ಓದೀವಿ. ಬ್ರೌನಿ ಅದರ ಬಾಜೂಕ ಇತ್ತು ಅಂತ ಯಾರೂ ಹೇಳಲಿಲ್ಲ.

ಈಗ ಎರಡನೇ ಪ್ರಶ್ನೆ. ಧಾರವಾಡ ಪೇಡೆ ಎಲ್ಲಿ ಹುಟ್ಟಿತು? "ಇದೇನ್ ಕೇಳ್ತಿ, ಧಾರವಾಡದಾಗ!" ಅಂತೀರಿ. ಅಷ್ಟು ಸುಲಭ ಇಲ್ಲ. ಈ ಕಥಿಯೊಳಗ ಉತ್ತರ ಪ್ರದೇಶ ಬರ್ತದ, ಪ್ಲೇಗ್ ಬರ್ತದ, ಬ್ರಿಟಿಷರ ಕಚೇರಿ ಬರ್ತದ, ಚೆನ್ನೈದಾಗಿರೋ ಒಂದು ನೋಂದಣಿ ಕಚೇರಿ ಬರ್ತದ, ಕಡೀಕ ನಮ್ಮ ಎಮ್ಮಿಗಳೂ ಬರ್ತಾವ.

ನಾನು ಓದೋದು ಬಿಕಾಂ. ಇತಿಹಾಸ ನನ್ನ ಸಬ್ಜೆಕ್ಟ್ ಅಲ್ಲ. ಆದ್ರ ಹೆಬ್ಬಳ್ಳಿಯಿಂದ ಧಾರವಾಡಕ್ಕ ದಿನಾ ಬಸ್ಸಿನ್ಯಾಗ ಹೋಗಿ ಬರೋರಿಗೆ ಯೋಚನೆ ಮಾಡಾಕ ಟೈಮ್ ಸಿಗ್ತದ. ಅಂಗಡಿ, ಕಾನೂನು, ಖರ್ಚು, ಲಾಭ ಎಲ್ಲಾ ಒಂದ ಡಬ್ಬಿಯೊಳಗ ಇರೋ ವಸ್ತು ಪೇಡೆ. ಅದಕ್ಕ ಈ ಸರಣಿ. ಸೇವ್ ಮಾಡಿ ಇಟ್ಕೊಳ್ರಿ, ಸಾವಕಾಶ ಓದ್ರಿ.

ಭಾಗ 2/10: ಸಕ್ಕರೆ ನಮ್ಮ ಶಬ್ದ, "ಕ್ಯಾಂಡಿ"ನೂ ನಮ್ಮದ

ಪೇಡೆಗೆ ಹೋಗೋಕಿಂತ ಮೊದಲು ಸಕ್ಕರೆ ಕಥಿ ಗೊತ್ತಿರಬೇಕು. ಕಬ್ಬು ಮೂಲತಃ ನ್ಯೂ ಗಿನಿ ದ್ವೀಪದ ಬೆಳೆ. ಆದ್ರ ಕಬ್ಬಿನ ರಸ ಕಾಸಿ ಹರಳು ಮಾಡೋ ವಿದ್ಯೆ ಬೆಳೆದದ್ದು ಭಾರತದೊಳಗ, ಒಂದೂವರೆ ಸಾವಿರ ವರ್ಷಕ್ಕೂ ಹಿಂದ. ಸಂಸ್ಕೃತದ "ಶರ್ಕರಾ" ಪರ್ಶಿಯನ್, ಅರಬ್ಬಿ ದಾಟಿ "ಸುಕ್ಕರ್" ಆತು, ಯುರೋಪಿಗೆ ಹೋಗಿ "ಶುಗರ್" ಆತು. ನಮ್ಮ "ಖಂಡ", ಅಂದ್ರ ಸಕ್ಕರೆ ತುಂಡು, ಅದ ದಾರಿಯಾಗ ಹೋಗಿ ಇಂಗ್ಲಿಷಿನ "ಕ್ಯಾಂಡಿ" ಆತು. ಅಮೆರಿಕಾದ ಹುಡುಗರು ಹ್ಯಾಲೋವೀನ್ ದಿನ ಮನಿ ಮನಿಗೆ ಹೋಗಿ ಕೇಳೋದು ನಮ್ಮ ಶಬ್ದ ನೋಡ್ರಿ.

ಚೀನಾದವರೂ ಈ ವಿದ್ಯೆ ಕಲಿಯಾಕ ಇಲ್ಲಿಗೇ ಬಂದಿದ್ರು. 7ನೇ ಶತಮಾನದಾಗ ಟಾಂಗ್ ವಂಶದ ಚಕ್ರವರ್ತಿ ತೈಝೊಂಗ್ ಸಕ್ಕರೆ ಮಾಡೋದು ತಿಳಕೊಂಡು ಬರ್ರಿ ಅಂತ ಮಗಧಕ್ಕ ಮಂದಿ ಕಳಿಸಿದ್ದ.

ಇಲ್ಲೀತನಕ ಸಿಹಿ ಕಥಿ. ಮುಂದಿನದು ಕಹಿ. 1493ರಾಗ ಕೊಲಂಬಸ್ ಎರಡನೇ ಸಲ ಹೋಗುವಾಗ ಹಡಗಿನ್ಯಾಗ ಕಬ್ಬು ಒಯ್ದ. ಕೆರಿಬಿಯನ್ ದ್ವೀಪಗಳ ಮಣ್ಣು, ಬಿಸಿಲು ಕಬ್ಬಿಗೆ ಹೊಂದಿತು. ಆದ್ರ ಕಬ್ಬು ಕಡಿಯೋ ಕೆಲಸ ನಮ್ಮ ಕಡೆ ಮಂದಿಗೆ ಹೇಳಿಕೊಡಬೇಕಾಗಿಲ್ಲ, ಎಷ್ಟು ಕಷ್ಟ ಅಂತ ಎಲ್ಲಾರಿಗೂ ಗೊತ್ತದ. ಆ ಕಷ್ಟಕ್ಕ ಆಫ್ರಿಕಾದಿಂದ ಲಕ್ಷಗಟ್ಟಲೆ ಮಂದೀನ ಹಿಡಿದು ತಂದು ಗುಲಾಮರನ್ನಾಗಿ ದುಡಿಸಿದ್ರು. ಯುರೋಪ್, ಅಮೆರಿಕಾದಾಗ ಸಕ್ಕರೆ ಸಾಮಾನ್ಯರ ಅಡುಗೆಮನೆಗೆ ಇಳಿದದ್ದು ಆ ಬೆವರಿನ ಮ್ಯಾಲೆ.

ಅಂದ್ರ ಯಾವುದರ ಸಿಹಿ ತಿನಿಸಿನ ಇತಿಹಾಸ ಕೇಳಿದಾಗ "ಯಾರು ಕಂಡುಹಿಡಿದರು" ಅನ್ನೋದು ಒಂದ ಪ್ರಶ್ನೆ ಅಷ್ಟ. "ಯಾರು ದುಡಿದರು" ಅನ್ನೋದು ಇನ್ನೊಂದು. ಈ ಎರಡನೇ ಪ್ರಶ್ನೆ ನೆನಪಿಟ್ಟುಕೊಳ್ರಿ. ಭಾಗ 9ರಾಗ ಬೇಕಾಗ್ತದ.

ಭಾಗ 3/10: ಪೇಡೆಗಿಂತ ಮೊದಲು ನಾವು ಏನು ತಿಂತಿದ್ವಿ?

ಧಾರವಾಡದ ಸೀಮಿ ಒಂದು ಕಾಲಕ್ಕ ಕಲ್ಯಾಣ ಚಾಲುಕ್ಯರ ಕೈಯಾಗ ಇತ್ತು. ಆ ವಂಶದ ಮೂರನೇ ಸೋಮೇಶ್ವರ 12ನೇ ಶತಮಾನದಾಗ "ಮಾನಸೋಲ್ಲಾಸ" ಅನ್ನೋ ಸಂಸ್ಕೃತ ಗ್ರಂಥ ಬರೆಸಿದ. ರಾಜ ಹೆಂಗ ಆಳಬೇಕು, ಆನಿ ಹೆಂಗ ಸಾಕಬೇಕು ಅನ್ನೋದರ ಜೊತಿಗೆ ಏನು ತಿನ್ನಬೇಕು ಅನ್ನೋದೂ ಅದರಾಗ ಅದ. ಅಲ್ಲಿ ಬರೋ "ಮಂಡಕ" ಅನ್ನೋದನ್ನ ಇಂದಿನ ಮಂಡಿಗಿಯ ಹಿರಿಯ ಅಂತ ಅಡುಗೆ ಇತಿಹಾಸ ಬರೆದವರು ಗುರುತಿಸ್ತಾರ. ಬೆಳಗಾವಿ ಕಡೆ ಮದುವಿಯೊಳಗ ಮಂಡಿಗಿ ನೋಡೀರಿ? ಬೋರಲು ಹಾಕಿದ ಪಾತ್ರಿ ಮ್ಯಾಲೆ ಕೈಯಗಲಕ್ಕಿಂತ ದೊಡ್ಡದಾಗಿ ಹರಡಿ ಬೇಯಿಸಿ ಮಡಚಿ ಇಡ್ತಾರ. ಅದ.

ಹಾಲು ಒಡೆದು, ಅಕ್ಕಿ ಹಿಟ್ಟು ಕಲಸಿ, ಕರಿದು, ಸಕ್ಕರೆ ಪಾಕದಾಗ ಹಾಕೋ ಒಂದು ಸಿಹಿಯೂ ಆ ಪುಸ್ತಕದಾಗ ಬರ್ತದ. ಗುಲಾಬ್ ಜಾಮೂನ್ ನೆನಪಾತಿಲ್ಲೋ?

ಅದಕ್ಕೂ ನೂರು ವರ್ಷ ಮೊದಲು, 1025ರ ಹೊತ್ತಿಗೆ, ಎರಡನೇ ಚಾವುಂಡರಾಯ ಕನ್ನಡದಾಗ "ಲೋಕೋಪಕಾರ" ಬರೆದ. ಮಳಿ, ಬಾವಿ, ಗಿಡ, ವೈದ್ಯ ಎಲ್ಲಾ ಇರೋ ಪುಸ್ತಕ. ಅದರಾಗೂ ಅಡುಗೆಗೆ ಜಾಗ ಕೊಟ್ಟಾನ.

ಆದ್ರ ಅರಮನಿ ಬ್ಯಾರೆ, ಹಳ್ಳಿ ಬ್ಯಾರೆ. ನಮ್ಮ ಊರುಗಳ ಸಿಹಿ ಅಂದ್ರ ಹೆಚ್ಚಾಗಿ ಬೆಲ್ಲ, ಕಡ್ಲಿ, ಶೇಂಗಾ, ಎಳ್ಳು, ಒಣಕೊಬ್ರಿ. ಹೋಳಿಗಿ, ಉಂಡಿ, ಹುಗ್ಗಿ, ಮಾದಲಿ. ಬಾಣಂತಿಗೆ ಅಂಟಿನುಂಡಿ. ಅದ ಅಂಟನ್ನ ಕರಿದು, ಬೆಲ್ಲ, ಉತ್ತತ್ತಿ, ಒಣಕೊಬ್ರಿ, ಗೋಡಂಬಿ ಕೂಡಿಸಿದ್ರ ಕರದಂಟು. ಹೆಸರು ಒಡೆದು ನೋಡ್ರಿ: ಕರಿದ ಅಂಟು. ಗೋಕಾಕ ಮತ್ತು ಅಮೀನಗಡ ಎರಡೂ ಊರು ಅದಕ್ಕ ಹೆಸರುವಾಸಿ. ಅಮೀನಗಡದ ಒಂದು ಅಂಗಡಿ ಡಬ್ಬಿ ಮ್ಯಾಲೆ 1907 ಅಂತ ಇಸವಿ ಅದ.

ಇವೆಲ್ಲಾ ಹಬ್ಬಕ್ಕ, ಮದುವಿಗೆ, ಬಾಣಂತನಕ್ಕ ಮನ್ಯಾಗ ಮಾಡೋ ಸಿಹಿ. ಪೇಡೆ ಹಂಗಲ್ಲ. ಪೇಡೆ ಮೊದಲಿಂದಲೂ ಅಂಗಡಿ ಸಿಹಿ. ರೊಕ್ಕ ಕೊಟ್ಟು ತಗೊಳೋದು, ಪಾಕೀಟು ಕಟ್ಟಿಸಿ ಬ್ಯಾರೆ ಊರಿಗೆ ಒಯ್ಯೋದು.

ಭಾಗ 4/10: ಉನ್ನಾವ್‌ದಿಂದ ಧಾರವಾಡಕ್ಕ

ಈಗ ಮುಖ್ಯ ಕಥಿ. ಉತ್ತರ ಪ್ರದೇಶದಾಗ ಕಾನ್ಪುರದ ಬಾಜೂಕ ಉನ್ನಾವ್ ಅಂತ ಊರು. ಅಲ್ಲಿ ಪ್ಲೇಗ್ ಬಂದಾಗ ಠಾಕೂರ ಮನೆತನ ಊರು ಬಿಟ್ಟು ಧಾರವಾಡಕ್ಕ ಬಂತು ಅಂತ ಆ ಮನೆತನ ಹೇಳ್ಕೊಂಡು ಬಂದದ. ಸುಮಾರು 175 ವರ್ಷದ ಮಾತು. ರಾಮರತನ ಸಿಂಗ್ ಠಾಕೂರ್ ಇಲ್ಲಿ ಪೇಡೆ ಮಾಡಿ ಮಾರಾಕ ಸುರು ಮಾಡಿದ್ರು. ಅವರ ಮೊಮ್ಮಗ ಬಾಬುಸಿಂಗ್ ಠಾಕೂರ್ ಲೈನ್ ಬಜಾರದ ಅಂಗಡಿಯನ್ನ ಬೆಳೆಸಿದ್ರು. ಅದಕ್ಕ ಇವತ್ತಿಗೂ ಹಳೇ ಮಂದಿ "ಲೈನ್ ಬಜಾರ ಪೇಡೆ" ಅಂತಾರ.

ಒಂದು ನಿಮಿಷ ನಿಂತು ಲೆಕ್ಕ ಹಾಕ್ರಿ. ಉನ್ನಾವ್‌ದಿಂದ ಧಾರವಾಡ ಸುಮಾರು ಒಂದೂವರೆ ಸಾವಿರ ಕಿಲೋಮೀಟರ್. ಭಾರತದಾಗ ಮೊದಲ ಪ್ರಯಾಣಿಕರ ರೈಲು ಓಡಿದ್ದು 1853ರಾಗ, ಅದೂ ಮುಂಬೈದಿಂದ ಠಾಣೆ ತನಕ ಅಷ್ಟ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್ ಸುರು ಆದದ್ದು 1885ರಾಗ. ಅಂದ್ರ ಆ ಮನೆತನ ಬಂದ ದಾರಿಯಾಗ ಹಳಿ ಇರಲಿಲ್ಲ. ಚಕ್ಕಡಿ ಮತ್ತು ಕಾಲು.

ಧಾರವಾಡನ ಯಾಕ? ಅವರ ಮನಸಿನ್ಯಾಗ ಏನಿತ್ತು ನಾವು ಹೇಳಾಕ ಬರೂದಿಲ್ಲ. ಆದ್ರ ಊರು ಹೆಂಗಿತ್ತು ಹೇಳಬಹುದು. ಮುಂಬೈ ಪ್ರಾಂತದ ಜಿಲ್ಲಾ ಕೇಂದ್ರ. ಕಲೆಕ್ಟರ್ ಕಚೇರಿ, ಕೋರ್ಟು. 1917ರಾಗ ಕರ್ನಾಟಕ ಕಾಲೇಜು ಬಂತು. ಕೋರ್ಟಿನ ಕೆಲಸಕ್ಕ ಹಳ್ಳಿಯಿಂದ ಬರೋರು, ವರ್ಗ ಆಗಿ ಬರೋ ಅಧಿಕಾರಿಗಳು, ಓದಾಕ ಬರೋ ಹುಡುಗರು. ಊರಿಗೆ ಬಂದವರು ವಾಪಸ್ ಹೋಗುವಾಗ ಕೈಯಾಗ ಏನರ ಒಯ್ಯಬೇಕಲ್ಲ? ಎರಡು ದಿನ ಕೆಡದ, ಒಡೆಯದ, ಸೋರದ ಸಿಹಿ. ಪೇಡೆಗೆ ಇದಕ್ಕಿಂತ ಒಳ್ಳೇ ಮಾರುಕಟ್ಟೆ ಬೇಕಾಗಿರಲಿಲ್ಲ ಅಂತ ನನಗ ಅನಸ್ತದ.

ಪ್ಲೇಗಿಗೆ ಅಂಜಿ ಬಂದವರ ಹಿಂದ ಪ್ಲೇಗೂ ಬಂತು. 1896ರಾಗ ಮುಂಬೈದಾಗ ಸುರು ಆದ ರೋಗ ನಮ್ಮ ಸೀಮಿಗೂ ಹಬ್ಬಿತು. 1898ರಾಗ ಹುಬ್ಬಳ್ಳಿಯೊಳಗ ಹಾಫ್‌ಕಿನ್ ತಯಾರು ಮಾಡಿದ ಲಸಿಕೆಯನ್ನ ಸಾವಿರಾರು ಮಂದಿಗೆ ಚುಚ್ಚಿದ್ರು. ಕೊರೊನಾ ನೋಡಿದ ನಮಗ ಇದು ಪಾಠದ ಪುಸ್ತಕದ ಮಾತಲ್ಲ. ರೋಗ ಬಂದಾಗ ಮಂದಿ ಗಂಟು ಕಟ್ಟಿಕೊಂಡು ನಡೆಯೋದನ್ನ ನಾವೂ ಕಣ್ಣಾರೆ ನೋಡೀವಿ.

ಭಾಗ 5/10: ಪೇಡೆ ಯಾಕ ಕಂದು ಬಣ್ಣ?

ಇತಿಹಾಸಕ್ಕ ಸ್ವಲ್ಪ ಬ್ರೇಕ್. ಇವತ್ತು ಕಡಾಯಿ ಮುಂದ ನಿಂದ್ರೋಣು.

ಪೇಡೆ ಅನ್ನೋದು ಉತ್ತರ ಭಾರತದ ಸಿಹಿ. ಮಥುರಾ ಪೇಡೆ ಎಲ್ಲಾರಿಗೂ ಗೊತ್ತು, ಕೃಷ್ಣನ ಊರಿನ ಪ್ರಸಾದ. ನಮ್ಮ ಪೇಡೆಗೂ ಅದಕ್ಕೂ ಬೀಗಸ್ತನ ಅದ. ಆದ್ರ ಧಾರವಾಡದ್ದು ಇನ್ನೂ ಕಂದು, ಇನ್ನೂ ಉದುರು ಉದುರು, ಮ್ಯಾಲೆ ಸಣ್ಣ ಸಕ್ಕರೆ ಪುಡಿ ಹೊದಿಕೆ.

ಮೊದಲು ಹಾಲು ಕಾಸಿ ಕಾಸಿ ನೀರು ಆರಿಸಬೇಕು. ಉಳಿಯೋದು ಖವಾ. ಒಂದು ಕಿಲೋ ಖವಾಕ್ಕ ಸುಮಾರು ಐದು ಲೀಟರ್ ಎಮ್ಮಿ ಹಾಲು ಬೇಕು. ಆಕಳ ಹಾಲಾದ್ರ ಇನ್ನೂ ಜಾಸ್ತಿ, ಯಾಕಂದ್ರ ಎಮ್ಮಿ ಹಾಲಿನ್ಯಾಗ ಕೊಬ್ಬು ಹೆಚ್ಚು, ನೂರಕ್ಕ 6-7ರಷ್ಟು. ಆಕಳದ್ದು ಸಾಮಾನ್ಯವಾಗಿ 4ರ ಆಸುಪಾಸು.

ಆಮ್ಯಾಲೆ ಖವಾನ್ನ ಸಕ್ಕರೆ ಜೊತಿ ಸಣ್ಣ ಉರಿ ಮ್ಯಾಲೆ ತಿರುವುತ್ತಾ ಹುರೀಬೇಕು. ಇಲ್ಲೇ ಎಲ್ಲಾ ಆಟ. ಹಾಲಿನ ಪ್ರೋಟೀನ್ ಮತ್ತು ಹಾಲಿನ ಸಕ್ಕರೆ ಬಿಸಿಗೆ ಕೂಡಿ ಹೊಸ ಬಣ್ಣ, ಹೊಸ ವಾಸನಿ ಹುಟ್ಟಸ್ತಾವ. ಇದಕ್ಕ ಮೈಲಾರ್ಡ್ ಕ್ರಿಯೆ ಅಂತ ಹೆಸರು. ರೊಟ್ಟಿ ಮ್ಯಾಲೆ ಬೀಳೋ ಕಂದು ಚುಕ್ಕಿ, ಹುರಿದ ಕಾಫಿ ಬೀಜದ ಘಮ ಇವಕ್ಕೂ ಅದ ಕಾರಣ. ಬ್ರೌನಿಗೆ ಕಂದು ಬಣ್ಣ ಹೆಚ್ಚಾಗಿ ಕೋಕೋದಿಂದ. ಪೇಡೆಗೆ ಬರೀ ಹಾಲು, ಸಕ್ಕರೆ, ಉರಿ ಮತ್ತು ತೋಳಿನ ಶಕ್ತಿಯಿಂದ.

ಕೈ ನಿಂತ್ರ ತಳ ಹತ್ತತದ. ತಳ ಹತ್ತಿದ್ರ ಇಡೀ ಕಡಾಯಿ ಹೋತು. ಹಂಗಂತ ಅವಸರ ಮಾಡಿ ಬಿಳಿ ಇದ್ದಾಗನ ಇಳಿಸಿದ್ರ ಅದು ಧಾರವಾಡ ಪೇಡೆ ಆಗೂದಿಲ್ಲ. ಚೆನ್ನಾಗಿ ಹುರಿದು ನೀರಿನಂಶ ಹೋಗಿದ್ದಕ್ಕ, ಜೊತಿಗೆ ಸಕ್ಕರೆ ಇದ್ದದ್ದಕ್ಕ, ಫ್ರಿಜ್ ಇಲ್ಲದ ಕಾಲದಾಗೂ ಅದು ಪ್ರಯಾಣ ತಾಳಿತು. ರುಚಿ ಮತ್ತು ವ್ಯಾಪಾರ ಎರಡಕ್ಕೂ ಆ ಹುರಿಯೋ ಕೆಲಸನ ಬುನಾದಿ.

ಭಾಗ 6/10: "ಮರೆತು ಬಿಟ್ಟಿದ್ದರಂತ, ಹಂಗ ಆತಂತ"

ಬೆಳಗಾವಿ ಕುಂದಾ ಕಥಿ ಕೇಳೀರಿ? ಒಬ್ಬ ಮಾರವಾಡಿ ಮಿಠಾಯಿಯವರು ಒಲಿ ಮ್ಯಾಲೆ ಹಾಲು ಇಟ್ಟು ಮರೆತುಬಿಟ್ರಂತ. ಬಂದು ನೋಡೂದ್ರಾಗ ಗಟ್ಟಿ ಆಗಿತ್ತಂತ. ಸಕ್ಕರೆ ಹಾಕಿ ನೋಡಿದ್ರು, ರುಚಿ ಆತು, ಕುಂದಾ ಆತು.

ಈಗ ಅಮೆರಿಕಾಕ್ಕ ಹೋಗೋಣು. ಚಾಕೊಲೇಟ್ ಚಿಪ್ ಕುಕಿ. ಮ್ಯಾಸಚೂಸೆಟ್ಸ್ ರಾಜ್ಯದ ವಿಟ್‌ಮನ್ ಊರಿನ್ಯಾಗ ಟೋಲ್ ಹೌಸ್ ಇನ್ ಅಂತ ಖಾನಾವಳಿ. ಅದನ್ನ ನಡೆಸೋರು ರೂತ್ ವೇಕ್‌ಫೀಲ್ಡ್. ಒಂದು ದಿನ ಸಾಮಾನು ಕಡಿಮಿ ಬಿದ್ದದ್ದಕ್ಕ ಚಾಕೊಲೇಟ್ ತುಂಡು ಮಾಡಿ ಹಿಟ್ಟಿಗೆ ಹಾಕಿದ್ರಂತ, ಕರಗ್ತದ ಅಂದುಕೊಂಡ್ರಂತ, ಕರಗಲೇ ಇಲ್ಲಂತ. ಹಂಗ ಕುಕಿ ಹುಟ್ಟಿತಂತ.

ಕೇಳಾಕ ಚೆಂದ ಅದ. ಆದ್ರ ರೂತ್ ಸಾಮಾನ್ಯ ಹೆಣ್ಣುಮಗಳಲ್ಲ. ಗೃಹವಿಜ್ಞಾನ ಓದಿ, ಅದನ್ನ ಕಲಿಸಿದಾಕಿ. 1930ರಿಂದ ಗಂಡನ ಜೊತಿ ಖಾನಾವಳಿ ನಡೆಸಿ, ಅಡುಗೆ ಪುಸ್ತಕ ಬರೆದಾಕಿ. ಹೊಸ ಕುಕಿ ಮಾಡಬೇಕು ಅಂತ ತಾನ ಪ್ರಯತ್ನ ಮಾಡಿ 1938ರ ಹೊತ್ತಿಗೆ ಅದನ್ನ ತಯಾರು ಮಾಡಿದ್ಲು. ಬೆಣ್ಣಿ ಎಷ್ಟು ಬಿಸಿಗೆ ಕರಗ್ತದ, ಚಾಕೊಲೇಟ್ ಏನಾಗ್ತದ ಆಕಿಗೆ ಗೊತ್ತಿರಲಿಲ್ಲ ಅಂದ್ರ ನಂಬಾಕ ಆಗೂದಿಲ್ಲ. ಮುಂದ ನೆಸ್ಲೆ ಕಂಪನಿ ಆಕಿ ರೆಸಿಪಿಯನ್ನ ತನ್ನ ಚಾಕೊಲೇಟ್ ಪಾಕೀಟಿನ ಮ್ಯಾಲೆ ಅಚ್ಚು ಹಾಕಿತು. ಅದಕ್ಕ ಪ್ರತಿಯಾಗಿ ಒಂದು ಡಾಲರ್ ಮತ್ತು ಜೀವನ ಪೂರ್ತಿ ಚಾಕೊಲೇಟ್ ಅಂತ ಒಪ್ಪಂದ ಇತ್ತು ಅಂತ ಹೇಳ್ತಾರ.

ನೋಡ್ರಿ, ಜಗತ್ತಿನ ತುಂಬ ಸಿಹಿ ತಿನಿಸುಗಳಿಗೆ ಇಂಥದ್ದೇ ಕಥಿ ಇರ್ತಾವ. ಮರೆತೆ, ಬಿತ್ತು, ಹತ್ತಿತು, ಆತು. ಯಾಕ? ನನಗ ತಿಳಿದಂಗ, ಅಡುಗೆ ಮಾಡೋರನ್ನ ನಾವು ಯೋಚನೆ ಮಾಡೋ ಮಂದಿ ಅಂತ ಎಣಿಸೂದಿಲ್ಲ. ವಿಜ್ಞಾನಿ ಹತ್ತು ಸಲ ಮಾಡಿದ್ರ ಪ್ರಯೋಗ. ಅಡುಗೆಯವರು ಹತ್ತು ಸಲ ಮಾಡಿದ್ರ ಆಕಸ್ಮಿಕ. ಹಾಲು ಕಾಸೋ ಮಂದಿ ಹಾಲನ್ನ ಎಷ್ಟು ಹೊತ್ತು ಬಿಟ್ರ ಏನಾಗ್ತದ ಅಂತ ದಿನಾ ನೋಡ್ತಿರ್ತಾರ. ಕುಂದಾ ಮಾಡಿದವರಿಗೂ ಆ ಗೌರವ ಕೊಡೋಣು.

ಭಾಗ 7/10: ಮೈಸೂರಿನ ಪಾಕ, ಜೈಪುರದ ಅಂಜಿಕಿ

ಧಾರವಾಡದವರು ಮೈಸೂರ ಪಾಕ ಹೊಗಳಿದ್ರ ದ್ರೋಹ ಅಲ್ಲ, ಸಿಟ್ಟಾಗಬ್ಯಾಡ್ರಿ.

ನಾಲ್ವಡಿ ಕೃಷ್ಣರಾಜ ಒಡೆಯರು 1940ರ ತನಕ ಮೈಸೂರು ಆಳಿದವರು. ಅವರ ಅರಮನಿ ಅಡುಗೆಯವರು ಕಾಕಾಸುರ ಮಾದಪ್ಪ. ಕಡ್ಲಿ ಹಿಟ್ಟು, ತುಪ್ಪ, ಸಕ್ಕರೆ ಕೂಡಿಸಿ ಹೊಸಾ ಸಿಹಿ ಮಾಡಿ ಬಡಿಸಿದ್ರು, ಹೆಸರೇನು ಅಂತ ಮಹಾರಾಜರು ಕೇಳಿದ್ರು, ಮಾದಪ್ಪನವರು "ಮೈಸೂರು ಪಾಕ" ಅಂದ್ರು ಅನ್ನೋದು ಪ್ರಸಿದ್ಧ ಕಥಿ. ಅವರ ಮನೆತನದ ಅಂಗಡಿ ಗುರು ಸ್ವೀಟ್ ಮಾರ್ಟ್ ಇವತ್ತಿಗೂ ಮೈಸೂರಿನ ಸಯ್ಯಾಜಿರಾವ್ ರಸ್ತೆಯೊಳಗ ಅದ. ಇಲ್ಲಿ ನೋಡ್ರಿ, ಅಪರೂಪಕ್ಕ ಒಬ್ಬ ಅಡುಗೆಯವರ ಹೆಸರು ಉಳಕೊಂಡದ.

ಈಗ 2025ರ ಮೇ ತಿಂಗಳಿಗೆ ಬರ್ರಿ. ಭಾರತ, ಪಾಕಿಸ್ತಾನ ನಡುವೆ ಸಂಘರ್ಷ ನಡೆದಿತ್ತು. ಜೈಪುರದ ಕೆಲವು ಮಿಠಾಯಿ ಅಂಗಡಿಯವರು "ಮೈಸೂರ್ ಪಾಕ್" ಹೆಸರು ತೆಗೆದು "ಮೈಸೂರ್ ಶ್ರೀ" ಅಂತ ಇಟ್ರು. "ಮೋತಿ ಪಾಕ್" ಹೋಗಿ "ಮೋತಿ ಶ್ರೀ" ಆತು. ನಾವೆಲ್ಲಾ ಮೀಮ್ ಮಾಡಿ ನಕ್ಕಿದ್ವಿ.

ಈ "ಪಾಕ" ಅಂದ್ರ ಏನು? ನಮ್ಮವ್ವನ್ನ ಕೇಳ್ರಿ, ಒಂದೆಳಿ ಪಾಕ, ಎರಡೆಳಿ ಪಾಕ ಅಂತ ಬೆರಳಿನ್ಯಾಗ ತೋರಸ್ತಾಳ. ಬೇಯಿಸು ಅನ್ನೋ ಅರ್ಥದ ಸಂಸ್ಕೃತ ಧಾತುವಿನಿಂದ ಬಂದ ಶಬ್ದ. ನಳಪಾಕ, ಪಾಕಶಾಲೆ, ಪಾಕಶಾಸ್ತ್ರ ಎಲ್ಲಾ ಅದ ಮನೆತನ. ದೇಶದ ಹೆಸರಿಗೂ ಇದಕ್ಕೂ ಸಂಬಂಧನ ಇಲ್ಲ.

ನಗೋದು ನಕ್ಕಿವಿ. ಆದ್ರ ಒಂದು ಶಬ್ದದ ಇತಿಹಾಸ ಮರೆತ್ರ ನಮ್ಮದ ವಸ್ತುನ್ನ ನಾವ ಹೊರಗಿನದು ಅಂತ ಹೊರಗ ಹಾಕ್ತೀವಿ. ಪೇಡೆಗೆ ಉಲ್ಟಾ ಆಗ್ಯದ. ಹೊರಗಿಂದ ಬಂದದ್ದನ್ನ ಪೂರ್ತಿ ನಮ್ಮದು ಮಾಡ್ಕೊಂಡು, ಬಂದ ದಾರಿ ಮರೆತೀವಿ.

ಭಾಗ 8/10: ಬಿಕಾಂ ಮಂದಿಗೆ ಸ್ಪೆಷಲ್: ಹೆಸರಿನ ಮಾಲೀಕರು ಯಾರು?

ಲಾ ಪೇಪರ್ ಇರೋರು ಇದನ್ನ ಸ್ಕ್ರೀನ್‌ಶಾಟ್ ತಗೊಳ್ರಿ.

ಟ್ರೇಡ್‌ಮಾರ್ಕ್ ಮತ್ತು ಭೌಗೋಳಿಕ ಸೂಚಕ, ಅಂದ್ರ ಜಿಐ, ಎರಡೂ ಬ್ಯಾರೆ. ಟ್ರೇಡ್‌ಮಾರ್ಕ್ ಒಬ್ಬ ವ್ಯಾಪಾರಿದು ಇಲ್ಲಾ ಒಂದು ಕಂಪನಿದು. ಮಾರಬಹುದು, ಬಾಡಿಗಿ ಕೊಡಬಹುದು. ಜಿಐ ಒಂದು ಸೀಮಿದು. ಅಲ್ಲಿ ಆ ವಸ್ತು ತಯಾರಿಸೋರ ಎಲ್ಲಾರದು. ಅದನ್ನ ಬ್ಯಾರೆಯವರಿಗೆ ಮಾರಾಕ ಬರೂದಿಲ್ಲ. ಇದಕ್ಕಂತ ಸಂಸತ್ತು 1999ರಾಗ ಕಾಯ್ದೆ ಮಾಡಿತು, 2003ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂತು. ನೋಂದಣಿ ಕಚೇರಿ ಚೆನ್ನೈದಾಗ. ಒಂದು ಸಲ ನೋಂದಣಿ ಆದ್ರ 10 ವರ್ಷ, ಆಮ್ಯಾಲೆ ನವೀಕರಣ. ದೇಶದಾಗ ಮೊದಲು ಜಿಐ ಸಿಕ್ಕದ್ದು ಡಾರ್ಜಿಲಿಂಗ್ ಚಹಾಕ್ಕ. ಧಾರವಾಡ ಪೇಡೆಯ ಜಿಐ ಸಂಖ್ಯೆ 85.

ಹೆಸರಿಗಾಗಿ ರಾಜ್ಯಗಳೂ ಜಗಳಾಡ್ಯಾವ. ರಸಗುಲ್ಲಾ ನಮ್ಮದು ಅಂತ ಬಂಗಾಲ, ನಮ್ಮದು ಅಂತ ಒಡಿಶಾ. 2017ರ ನವೆಂಬರದಾಗ "ಬಾಂಗ್ಲಾರ್ ರಸೊಗೊಲ್ಲಾ"ಕ್ಕ ಜಿಐ ಸಿಕ್ಕಿತು. 2019ರ ಜುಲೈದಾಗ "ಒಡಿಶಾ ರಸಗೊಲಾ"ಕ್ಕೂ ಸಿಕ್ಕಿತು. ಅಂದ್ರ ಕಾಯ್ದೆ "ಯಾರು ಮೊದಲು ಕಂಡುಹಿಡಿದರು" ಅಂತ ತೀರ್ಪು ಕೊಡಲಿಲ್ಲ. ಎರಡೂ ಕಡೆ ಅವರವರ ನಮೂನಿ ಅದ, ಎರಡಕ್ಕೂ ಹೆಸರು ಕೊಡೋಣು ಅಂತು.

ಪೇಡೆಗೂ ಇದ ಮಾತು. ಲೈನ್ ಬಜಾರದ ಠಾಕೂರ ಅಂಗಡಿ ಒಂದು ಕಡೆ, ಇವತ್ತಿಗೂ ಅಲ್ಲಿ ಪಾಳಿ ಹಚ್ಚಬೇಕು. ಇನ್ನೊಂದು ಕಡೆ ಮಿಶ್ರಾ ಪೇಡೆ. ಅವರೂ ಉತ್ತರ ಪ್ರದೇಶದಿಂದ ಬಂದವರ. 1933ರಾಗ ಸುರು ಮಾಡಿ, ಮಷಿನ್ ಹಾಕಿ, ಊರೂರಿಗೆ ಅಂಗಡಿ ಇಟ್ಟು, ಬಸ್‌ಸ್ಟ್ಯಾಂಡ್ ತನಕ ಪೇಡೆ ಮುಟ್ಟಿಸಿದ್ರು. ಒಬ್ಬರು ಕಡಿಮಿ ಮಾಡಿ ಹೆಸರು ಉಳಿಸಿದ್ರು, ಇನ್ನೊಬ್ಬರು ಹೆಚ್ಚು ಮಾಡಿ ಹೆಸರು ಹಬ್ಬಿಸಿದ್ರು. ಮ್ಯಾನೇಜ್‌ಮೆಂಟ್ ಪಾಠದಾಗ ಕೇಸ್ ಸ್ಟಡಿಗೆ ದೂರ ಹೋಗೋದ ಬ್ಯಾಡ. ಆದ್ರ "ಧಾರವಾಡ ಪೇಡೆ" ಅನ್ನೋ ಹೆಸರಿನ ಮುಂದ ಇಬ್ಬರೂ ಒಂದ, ಯಾರೂ ಏಕೈಕ ಮಾಲೀಕರಲ್ಲ.

ಭಾಗ 9/10: ಲೆಕ್ಕಕ್ಕ ಬರದ ಎಮ್ಮಿ

ಈ ಭಾಗಕ್ಕಂತನ ನಾನು ಸರಣಿ ಸುರು ಮಾಡಿದ್ದು.

ಪೇಡೆ ಅಂದ್ರ ಎಲ್ಲಾರಿಗೂ ಅಂಗಡಿ ನೆನಪಾಗ್ತದ. ಒಂದು ಕಿಲೋ ಖವಾಕ್ಕ ಐದು ಲೀಟರ್ ಹಾಲು ಅಂತ ಹೇಳಿದ್ನೆಲ್ಲಾ, ಆ ಹಾಲು ಎಲ್ಲಿಂದ ಬಂತು? ನಮ್ಮ ಸೀಮಿಯ ಎಮ್ಮಿಯಿಂದ. ಗೌಳಿಗರ ದಡ್ಡಿಯಿಂದ, ಸುತ್ತಲಿನ ಹಳ್ಳಿಯಿಂದ. ಕರೇ ಬಣ್ಣ, ಹಿಂದಕ್ಕ ಬಾಗಿದ ಉದ್ದ ಕೋಡು. ಮುರ್ರಾ ಎಮ್ಮಿಯಷ್ಟು ಹಾಲು ಕೊಡೂದಿಲ್ಲ. ಆದ್ರ ಸಿಕ್ಕ ಒಣ ಮೇವು ತಿಂದು, ನಮ್ಮ ಬಿಸಲು ತಾಳಿ ಬದುಕ್ತದ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಇದರ ಮ್ಯಾಲೆ ಅಧ್ಯಯನ ಮಾಡಿದ್ರು. 2021ರಾಗ "ಧಾರವಾಡಿ" ಅಂತನ ಪ್ರತ್ಯೇಕ ತಳಿಯಾಗಿ ರಾಷ್ಟ್ರಮಟ್ಟದ ಮಾನ್ಯತೆ ಸಿಕ್ಕಿತು.

ಲೆಕ್ಕ ಹಾಕ್ರಿ. ಅಂಗಡಿ ಬಂದು ಸುಮಾರು 175 ವರ್ಷ. ಎಮ್ಮಿಗೆ ಹೆಸರು ಸಿಕ್ಕದ್ದು ನಿನ್ನೆ ಮೊನ್ನೆ.

ನಮ್ಮ ಮನ್ಯಾಗ ಎರಡು ಎಮ್ಮಿ ಅದಾವ. ಕಾಸ್ಟ್ ಅಕೌಂಟಿಂಗ್ ಪಾಠ ಆದ ದಿನ ನಾನು ಮನ್ಯಾಗ ಹಾಲಿನ ಲೆಕ್ಕ ಬರೆಯಾಕ ಕುಂತೆ. ಹಿಂಡಿ ಖರ್ಚು, ಮೇವಿನ ಖರ್ಚು, ಡಾಕ್ಟರ್ ಖರ್ಚು. ಹಾಲು ಮಾರಿ ಬಂದ ರೊಕ್ಕ. ತಿಂಗಳ ಕಡೀಕ ಒಂದಿಷ್ಟು ಉಳೀತು. ಲಾಭ ಅದ ಅಂತ ಅವ್ವಗ ತೋರಿಸ್ದೆ. ಅವ್ವ ಕೇಳಿದ್ಲು, "ನಂದು ಎಲ್ಲಿ ಬರದಿ?"

ಬರೆದಿರಲಿಲ್ಲ, ಯಾಕಂದ್ರ ಆಕಿಗೆ ಯಾರೂ ಪಗಾರ ಕೊಡೂದಿಲ್ಲ. ನಸುಕಿನ್ಯಾಗ ಏಳೋದು, ಸೆಗಣಿ ಬಳಿಯೋದು, ಹುಲ್ಲು ತರೋದು, ಮೈ ತೊಳಿಯೋದು, ಎರಡು ಹೊತ್ತು ಹಿಂಡೋದು. ಪುಸ್ತಕದಾಗ ಇದಕ್ಕ ಕಾಣದ ವೆಚ್ಚ ಅಂತ ಒಂದು ಸಾಲು ಅದ. ಪರೀಕ್ಷೆಯೊಳಗ ಎರಡು ಮಾರ್ಕಿನ ಪ್ರಶ್ನೆ. ಕೂಲಿ ದರ ಹಾಕಿ ಆಕಿ ತಾಸು ಎಣಿಸಿ ಮತ್ತ ಲೆಕ್ಕ ಮಾಡ್ದೆ. ಉಳಿದದ್ದೆಲ್ಲಾ ಹೋಗಿ ಇನ್ನೂ ಕಡಿಮಿ ಬಿತ್ತು.

ನಮ್ಮ ಓಣಿಯೊಳಗ ನಾನು ಸಣ್ಣಾಂವ ಇದ್ದಾಗ ಮನಿಗೊಂದು ಎಮ್ಮಿ ಇತ್ತು. ಈಗ ಬೆರಳಿಂದ ಎಣಿಸಬಹುದು. ಯಾರನ್ನೂ ಬೈಯೂದಿಲ್ಲ. ಹುಲ್ಲುಗಾವಲು ಕಡಿಮಿ ಆಗ್ಯಾವ. ಸೆಗಣಿ ಬಳಿಯೋ ಮನಿಗೆ ಹೆಣ್ಣು ಕೊಡಾಕ ಹಿಂದ ಮುಂದ ನೋಡ್ತಾರ. ನನ್ನ ನೋಡ್ರಿ, ಬಿಕಾಂ ಮುಗಿಸಿ ಬ್ಯಾಂಕ್ ಪರೀಕ್ಷೆ ಬರೀಬೇಕು ಅಂತೀನಿ. ನಾಳೆ ಅವ್ವಗ ಆಗೂದಿಲ್ಲಂದ್ರ ನಾನು ಹಿಂಡ್ತೀನೋ, ಮಾರ್ತೀನೋ? ಉತ್ತರ ನನ್ನ ಹತ್ರ ಇಲ್ಲ.

ಜಿಐ ಹೆಸರನ್ನ ಕಾಯ್ತದ. ಎಮ್ಮಿ ಸಾಕೋ ಮನಸನ್ನ ಕಾಯೂದಿಲ್ಲ. ಪೇಡೆಯ ರೇಟ್ ಬೋರ್ಡಿನ್ಯಾಗ ಹಿಂಡೋ ಕೈಯ ಕೂಲಿ ಸೇರೋ ತನಕ, ಆ 85ನೇ ನಂಬರ್ ಅರ್ಧ ಕೆಲಸ ಅಷ್ಟ ಮಾಡ್ತದ.

ಭಾಗ 10/10: ಹಂಗಾದ್ರ ಪೇಡೆ ಯಾರದು?

ಉನ್ನಾವ್‌ದಿಂದ ನಡೆದು ಬಂದವರದು. ಅವರಿಗೆ ಜಾಗ ಕೊಟ್ಟ ಊರಿಂದು. ಕಡಾಯಿ ಮುಂದ ನಿಂತು ತಿರುವೋರದು. ಗೌಳಿಗರದು. ಎಮ್ಮಿ ಮೈ ತೊಳಿಯೋ ನಮ್ಮ ನಿಮ್ಮ ಅವ್ವಂದಿರದು. ಇವರಾಗ ಒಬ್ಬರನ್ನ ತೆಗೆದ್ರೂ ಡಬ್ಬಿ ಖಾಲಿ.

ಕಡೀ ಮಾತು ಒಂದು. ಹುಬ್ಬಳ್ಳಿ, ಧಾರವಾಡದ ಬೇಕರಿ, ಮಿಠಾಯಿ ಅಂಗಡಿ, ಪಾನಿಪುರಿ ಗಾಡಿ ನೋಡ್ರಿ. ರಾಜಸ್ಥಾನದವರು, ಬಿಹಾರದವರು, ಉತ್ತರ ಪ್ರದೇಶದವರು ಕೆಲಸ ಮಾಡ್ತಾರ. "ಹೊರಗಿನ ಮಂದಿ ಹೆಚ್ಚಾದ್ರು" ಅಂತ ಕಟ್ಟಿ ಮ್ಯಾಲೆ ಕುಂತು ಮಾತಾಡ್ತೀವಿ, ಕೈಯಾಗ ಪೇಡೆ ಹಿಡಕೊಂಡು. ಕನ್ನಡ ಕಲೀರಿ ಅಂತ ಅವರಿಗೆ ಹೇಳೋದು ಸರಿನ ಅದ, ಹೇಳೋಣು, ಕಲಿಸೋಣು. ಆದ್ರ 175 ವರ್ಷದ ಹಿಂದ ಇದ ಊರಿಗೆ ಬಂದ ಒಬ್ಬ ಹೊರಗಿನವರಿಗೆ ಯಾರೋ ಹಾಲು ಹಾಕಿದ್ರು, ಯಾರೋ ಅಂಗಡಿಗೆ ಜಾಗ ಕೊಟ್ರು, ಯಾರೋ ಮೊದಲ ಪೇಡೆ ಕೊಂಡು ತಿಂದ್ರು. ಅವರು ಬಾಗಿಲು ಹಾಕಿದ್ರ ಇವತ್ತು ನಮ್ಮ ಊರಿನ ಹೆಸರಿನ ಮುಂದ "ಪೇಡೆ" ಅನ್ನೋ ಶಬ್ದ ಇರ್ತಿರಲಿಲ್ಲ.

ಈಗ ನಿಮಗೊಂದು ಹೋಮ್‌ವರ್ಕ್. ನಿಮ್ಮ ಮನಿಯ ಒಂದು ಸಿಹಿ ಆರಿಸ್ರಿ. ಮಾದಲಿ ಇರಲಿ, ಅಂಟಿನುಂಡಿ ಇರಲಿ, ಗುಳ್ಳಡಕಿ ಉಂಡಿ ಇರಲಿ. ಅಜ್ಜಿ ಹತ್ರ ಕುಂತು ನಾಲ್ಕು ಮಾತು ಕೇಳಿ ಬರಕೊಳ್ರಿ. ಯಾರಿಂದ ಕಲಿತಿ? ಆಗ ಬೆಲ್ಲ ಹಾಕ್ತಿದ್ರೋ ಸಕ್ಕರೆನೋ? ಹಾಲು, ತುಪ್ಪ ಎಲ್ಲಿಂದ ಬರ್ತಿತ್ತು? ಯಾವಾಗಿಂದ ಮಾಡೋದು ಬಿಟ್ಟಿ, ಯಾಕ? ಷಿಕಾಗೋದ ಹೋಟೆಲ್ ತನ್ನ ಬ್ರೌನಿ ಕಥೀನ ಹೇಳ್ಕೊಂಡು ಬಂದದ, ಅದಕ್ಕ ಜಗತ್ತಿಗೆ ಗೊತ್ತು. ನಮ್ಮ ಅಜ್ಜಿಗಳಿಗೆ ಹೋಟೆಲ್ ಇಲ್ಲ. ನಾವಿದೀವಿ.

ಬರೆದದ್ದನ್ನ ಕಮೆಂಟಿನ್ಯಾಗ ಹಾಕ್ರಿ, ಇಲ್ಲಾ ಮೆಸೇಜ್ ಮಾಡ್ರಿ. ಅಜ್ಜಿ ಒಪ್ಪಿದ್ರ ಮಾತ್ರ ಮುಂದಿನ ಸರಣಿಯೊಳಗ ಸೇರಸ್ತೀನಿ. ಮುಂದಿನದು ಹಬ್ಬದ ಹೋಳಿಗಿ ಮ್ಯಾಲೆ. ಅಲ್ಲೀತನಕ ಲೈನ್ ಬಜಾರಕ್ಕ ಹೋದ್ರ ಪಾಳಿಯೊಳಗ ಸಮಾಧಾನದಿಂದ ನಿಂದ್ರರಿ, ನನ್ನ ಹೆಸರಿಲೆ ಒಂದು ಹೆಚ್ಚಿಗಿ ತಿನ್ರಿ.

#ಧಾರವಾಡಪೇಡೆ #ಲೈನ್‌ಬಜಾರ #ಹೆಬ್ಬಳ್ಳಿ #ಸಿಹಿಯಇತಿಹಾಸ #ಧಾರವಾಡಿಎಮ್ಮಿ #ಬಿಕಾಂಬದುಕು